ನಿಲ್ಲಿಸಲು ಬಂದರೆ ಮಾತ್ರ ಓಡಿಸಿ: ರೋಬೋ ಕ್ರೀಡಾಕೂಟಕ್ಕೆ ಹನ್ನೆರಡು ಸೂತ್ರಗಳು

2025ರ ಆಗಸ್ಟ್‌ನಲ್ಲಿ ಬೀಜಿಂಗ್‌ನಲ್ಲಿ ಹ್ಯೂಮನಾಯ್ಡ್ ರೋಬೋಗಳ ವಿಶ್ವ ಕ್ರೀಡಾಕೂಟ ನಡೆಯಿತು. 16 ದೇಶಗಳ 280 ತಂಡಗಳು ಬಂದಿದ್ದವು. 1,500 ಮೀಟರ್ ಓಟದ ಚಿನ್ನ 6 ನಿಮಿಷ 34.40 ಸೆಕೆಂಡಿನಲ್ಲಿ ಓಡಿದ ರೋಬೋ ಪಾಲಾಯಿತು. ಅದೇ ಕೂಟದಲ್ಲಿ ಓಡುತ್ತಿದ್ದ ರೋಬೋ ಒಂದು ಟ್ರ್ಯಾಕಿನಲ್ಲಿದ್ದ ಮನುಷ್ಯನನ್ನು ಕೆಡವಿ, ಏನೂ ಆಗದ ಹಾಗೆ ಮುಂದೆ ಸಾಗಿತು. ಪದಕದ ಸುದ್ದಿಯ ಜೊತೆಗೇ ಆ ವಿಡಿಯೊ ಕೂಡ ಊರೆಲ್ಲ ಸುತ್ತಿತು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ ಹೆಚ್ಚು ಪರಿಚಿತವಾದ ಅಖಾಡ ರೋಬೋಕಾನ್. ಏಷ್ಯಾ ಪೆಸಿಫಿಕ್ ಪ್ರಸಾರ ಒಕ್ಕೂಟ 2002ರಿಂದ ನಡೆಸುತ್ತಿರುವ ಈ ಸ್ಪರ್ಧೆಗೆ ಭಾರತದ ತಂಡವನ್ನು ಆರಿಸುವುದು ದೂರದರ್ಶನದ ಡಿಡಿ ರೋಬೋಕಾನ್. ಆತಿಥೇಯ ದೇಶ ಪ್ರತಿವರ್ಷ ಹೊಸ ಆಟ ಕೊಡುತ್ತದೆ. 2008ರಲ್ಲಿ ಪುಣೆಯಲ್ಲಿ ಗೋವಿಂದರ ಮೊಸರು ಕುಡಿಕೆ, 2015ರಲ್ಲಿ ಇಂಡೊನೇಷ್ಯಾದಲ್ಲಿ ಬ್ಯಾಡ್ಮಿಂಟನ್, 2025ರಲ್ಲಿ ಮಂಗೋಲಿಯಾದಲ್ಲಿ ಬಾಸ್ಕೆಟ್‌ಬಾಲ್. ಆಟ ಬದಲಾದರೂ ಒಂದು ಮಾತು ಬದಲಾಗುವುದಿಲ್ಲ: ಬೇಕೆಂದಾಗ ನಿಲ್ಲುವ ಯಂತ್ರಕ್ಕಷ್ಟೇ ಓಡುವ ಹಕ್ಕು. ಆ ಹಕ್ಕು ಗಳಿಸುವ ದಾರಿ ಇಲ್ಲಿದೆ.

1. ರೂಲ್‌ಬುಕ್‌ಗೆ ಒಬ್ಬ ಒಡೆಯನಿರಲಿ

ತಂಡದಲ್ಲಿ ಕೋಡ್ ಬರೆಯಲು ಒಬ್ಬ, ಬೆಸುಗೆಗೆ ಒಬ್ಬಳು ಇರುತ್ತಾರೆ. ನಿಯಮ ಓದುವವರು ಮಾತ್ರ ಯಾರೂ ಇರುವುದಿಲ್ಲ. ಎಲ್ಲರೂ ಓದಿದ್ದಾರೆ ಎಂದರೆ ಯಾರೂ ಪೂರ್ತಿ ಓದಿಲ್ಲ ಎಂದೇ ಅರ್ಥ. ಒಬ್ಬರನ್ನು ಇದಕ್ಕೇ ನೇಮಿಸಿ. ಮೊದಲ ಸಾಲಿನಿಂದ ಕೊನೆಯ ಚಿತ್ರದವರೆಗೆ ಓದಿ, ಅನುಮಾನಗಳನ್ನು ಪಟ್ಟಿ ಮಾಡಿ ಸಂಘಟಕರಿಗೆ ಕಳಿಸುವುದು ಅವರ ಕೆಲಸ. ಪ್ರಶ್ನೋತ್ತರಗಳು ಪ್ರಕಟವಾದಾಗಲೆಲ್ಲ ಮತ್ತೆ ಓದಬೇಕು. ಆಟದ ಎಷ್ಟೋ ಸೂಕ್ಷ್ಮಗಳು ಇತ್ಯರ್ಥವಾಗುವುದು ಅಲ್ಲಿಯೇ. ‘ಹೋದ ವರ್ಷ ಹೀಗೇ ಇತ್ತು’ ಎನ್ನುವ ಸೀನಿಯರ್ ಮಾತಿಗೆ ತಪಾಸಣೆಯ ಮೇಜಿನಲ್ಲಿ ಕವಡೆ ಕಿಮ್ಮತ್ತಿಲ್ಲ.

2. ಮಿತಿಗಳನ್ನು ವಿನ್ಯಾಸಕ್ಕೆ ಮೊದಲೇ ಗೋಡೆಗೆ ಅಂಟಿಸಿ

ರೋಬೋಕಾನ್‌ನ ಇತ್ತೀಚಿನ ವರ್ಷಗಳ ಮುಖ್ಯ ಮಿತಿಗಳು ಇವು: ವಿದ್ಯುತ್ ಮೂಲ 24 ವೋಲ್ಟ್, ಗಾಳಿಯ ಒತ್ತಡ 600 ಕಿಲೋಪ್ಯಾಸ್ಕಲ್, ರೋಬೋಗಳ ಒಟ್ಟು ತೂಕ 50 ಕೆ.ಜಿ. ನಿಮ್ಮ ಸ್ಪರ್ಧೆಯ ಅಂಕಿಗಳು ಬೇರೆ ಇರಬಹುದು. ಯಾವುದೇ ಇರಲಿ, ದೊಡ್ಡಕ್ಷರದಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿ.

ಅಂಕಿಯ ಹಿಂದಿನ ಅರ್ಥವನ್ನೂ ವಿಚಾರಿಸಿ. ಆರು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ ಮೇಲೆ 22.2 ವೋಲ್ಟ್ ಎಂದು ಬರೆದಿರುತ್ತದೆ. ಪೂರ್ತಿ ಚಾರ್ಜ್ ಆದಾಗ ಅದೇ ಬ್ಯಾಟರಿ 25.2 ವೋಲ್ಟ್ ತೋರಿಸುತ್ತದೆ. ಮಿತಿ ಲೇಬಲ್‌ನ ಅಂಕಿಗೋ, ಮಲ್ಟಿಮೀಟರ್ ತೋರಿಸುವ ಅಂಕಿಗೋ? ಬ್ಯಾಟರಿ ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ.

3. ಮೊದಲು ಕೆಂಪು ಬಟನ್, ಆಮೇಲೆ ಚಕ್ರ

ತುರ್ತು ನಿಲುಗಡೆಯ ಕೆಂಪು ಬಟನ್ ಇಲ್ಲದ ರೋಬೋವನ್ನು ಅಂಗಳಕ್ಕೆ ಬಿಡುವುದಿಲ್ಲ. ಕೊನೆಯ ವಾರದಲ್ಲಿ ಎಲ್ಲಾದರೂ ಸಿಕ್ಕಿಸಿದರಾಯಿತು ಎನ್ನುವಂತಿಲ್ಲ. ಯಾವ ಬದಿಯಿಂದ ಬಂದರೂ ಕೈಗೆ ಸಿಗುವಂತೆ ಮೇಲ್ಭಾಗದಲ್ಲಿರಲಿ. ಅದನ್ನು ಒತ್ತಲು ಹೋದ ಕೈಗೆ ತಿರುಗುವ ತೋಳಾಗಲಿ ಚೈನಾಗಲಿ ತಗಲಬಾರದು.

ಒಳಗಿನ ವೈರಿಂಗ್‌ನಲ್ಲಿ ನಾಲ್ಕು ಎಚ್ಚರಿಕೆಗಳು. ಒಂದು, ಬಟನ್‌ನ ‘ನಾರ್ಮಲಿ ಕ್ಲೋಸ್ಡ್’ ಕಾಂಟ್ಯಾಕ್ಟ್ ಬಳಸಿ. ಆಗ ವೈರ್ ಕಿತ್ತುಹೋದರೂ ರೋಬೋ ತಾನಾಗಿ ನಿಲ್ಲುತ್ತದೆ. ಎರಡು, ಬಟನ್ ಮೇಲೆ ಬರೆದಿರುವ ಆಂಪಿಯರ್ ಸಾಮಾನ್ಯವಾಗಿ ಎಸಿ ವಿದ್ಯುತ್ತಿನ ಲೆಕ್ಕ. ಡಿಸಿ ಮೋಟಾರಿನ ಭಾರಿ ಕರೆಂಟಿಗೆ ಕಿಡಿ ಹಾರಿ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡರೆ, ಬಟನ್ ಒತ್ತಿದರೂ ಯಂತ್ರ ನಿಲ್ಲದು. ಬಟನ್‌ನಿಂದ ಡಿಸಿಗೆ ತಕ್ಕ ರಿಲೇ ಅಥವಾ ಕಾಂಟ್ಯಾಕ್ಟರ್ ನಡೆಸಿ, ಮೋಟಾರಿನ ವಿದ್ಯುತ್ತನ್ನು ಅದು ಕಡಿಯಲಿ. ಮೂರು, ಬಟನ್ ಬಿಡಿಸಿದ ತಕ್ಷಣ ರೋಬೋ ಮತ್ತೆ ಓಡಬಾರದು. ಬೇರೆ ಆಜ್ಞೆಗಾಗಿ ಕಾಯಬೇಕು. ನಾಲ್ಕು, ವಿದ್ಯುತ್ ಹೋದ ಗಳಿಗೆಯಲ್ಲಿ ಎತ್ತಿದ ತೋಳು ಏನಾಗುತ್ತದೆ? ಧೊಪ್ಪನೆ ಬೀಳುವಂತಿದ್ದರೆ ನಿಮ್ಮ ಬಟನ್ ಒಂದು ಅಪಾಯ ತಪ್ಪಿಸಿ ಇನ್ನೊಂದನ್ನು ಕರೆದಂತಾಯಿತು. ಆ ತೋಳಿಗೆ ಬ್ರೇಕ್ ಅಥವಾ ಆನಿಕೆ ಕೊಡಿ.

4. ಸಿಗ್ನಲ್ ಹೋದರೆ ರೋಬೋ ನಿಲ್ಲಲಿ

ಕ್ರೀಡಾಂಗಣದಲ್ಲಿ ಸಾವಿರಾರು ಮೊಬೈಲ್‌ಗಳು, ವೈಫೈ, ಬ್ಲೂಟೂತ್ ಹೆಚ್ಚಾಗಿ 2.4 ಗಿಗಾಹರ್ಟ್ಸ್ ಎಂಬ ಒಂದೇ ಓಣಿಯಲ್ಲಿ ನುಗ್ಗಾಡುತ್ತಿರುತ್ತವೆ. ಲ್ಯಾಬಿನಲ್ಲಿ ಸಲೀಸಾಗಿ ಓಡುತ್ತಿದ್ದ ರೋಬೋ ಅಲ್ಲಿ ಕಿವಿ ಕೇಳಿಸದಂತೆ ವರ್ತಿಸುವುದು ಇದಕ್ಕೇ. ಕೆಲವು ರಿಸೀವರ್‌ಗಳು ಸಿಗ್ನಲ್ ಕಡಿದಾಗ ಕೊನೆಯ ಆಜ್ಞೆಯನ್ನೇ ಹಿಡಿದುಕೊಳ್ಳುತ್ತವೆ. ‘ಮುಂದೆ ಹೋಗು’ ಎಂಬುದು ಕೊನೆಯ ಆಜ್ಞೆಯಾಗಿದ್ದರೆ ಬೇಲಿ ಸಿಗುವವರೆಗೂ ಹೋಗುತ್ತಲೇ ಇರುತ್ತದೆ. ಫೇಲ್‌ಸೇಫ್ ಸೆಟ್ಟಿಂಗ್‌ನಲ್ಲಿ ವೇಗ ಸೊನ್ನೆಗೆ ಬರುವಂತೆ ಮಾಡಿ. ಕೋಡ್‌ನಲ್ಲಿ ವಾಚ್‌ಡಾಗ್ ಟೈಮರ್ ಹಾಕಿ; ಆಜ್ಞೆ ಬರುವುದು ನಿಂತರೆ ಅದು ಮೋಟಾರ್ ನಿಲ್ಲಿಸಲಿ.

ಪರೀಕ್ಷೆ ಸುಲಭ. ಚಕ್ರಗಳು ನೆಲಕ್ಕೆ ತಾಗದಂತೆ ರೋಬೋವನ್ನು ಸ್ಟ್ಯಾಂಡ್ ಮೇಲಿಟ್ಟು, ಪೂರ್ಣ ವೇಗದಲ್ಲಿ ತಿರುಗಿಸಿ, ರಿಮೋಟ್ ಆಫ್ ಮಾಡಿ. ಕೂಡಲೇ ನಿಲ್ಲಲಿಲ್ಲವೇ? ಆ ದಿನ ಅದನ್ನು ನೆಲಕ್ಕಿಳಿಸಬೇಡಿ.

5. ಬ್ಯಾಟರಿಯನ್ನು ಕಾವಲಿಲ್ಲದೆ ಬಿಡಬೇಡಿ

ಲಿಥಿಯಂ ಪಾಲಿಮರ್ ಬ್ಯಾಟರಿ ಶಕ್ತಿವಂತ, ಅಷ್ಟೇ ಮುಂಗೋಪಿ. ಪ್ರತಿ ಸೆಲ್‌ನ ಗರಿಷ್ಠ 4.2 ವೋಲ್ಟ್; ಮೂರು ವೋಲ್ಟ್‌ಗಿಂತ ಕೆಳಗಿಳಿದರೆ ಸೆಲ್ ಕೆಡುತ್ತದೆ; ಎತ್ತಿಡುವಾಗ 3.8ರ ಆಸುಪಾಸಿನಲ್ಲಿರಲಿ. 5,000 ಎಂಎಎಚ್ ಬ್ಯಾಟರಿಯನ್ನು 5 ಆಂಪಿಯರ್‌ನಲ್ಲಿ, ಬ್ಯಾಲೆನ್ಸ್ ಚಾರ್ಜರ್‌ನಿಂದಲೇ ಚಾರ್ಜ್ ಮಾಡಿ. ಹಾಸ್ಟೆಲ್ ಮಂಚದ ಕೆಳಗೆ ಚಾರ್ಜ್‌ಗೆ ಹಾಕಿ ಮಲಗುವುದಂತೂ ಬೇಡವೇ ಬೇಡ. ಬೆಂಕಿ ತಾಳುವ ಚೀಲದೊಳಗೆ, ಎಚ್ಚರವಿರುವ ಒಬ್ಬರ ಕಣ್ಣೆದುರಲ್ಲಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ಈ ಕೆಲಸ ನಡೆಯಲಿ.

ಬ್ಯಾಟರಿ ಊದಿದ್ದರೆ ‘ಇನ್ನೊಂದು ಮ್ಯಾಚಿಗೆ ಆಗುತ್ತೆ’ ಎನ್ನಬೇಡಿ, ತೆಗೆದಿಡಿ. ಕನೆಕ್ಟರ್ ಬದಲಿಸುವಾಗ ಎರಡೂ ವೈರ್‌ಗಳನ್ನು ಒಟ್ಟಿಗೆ ಕತ್ತರಿಸಬೇಡಿ; ಕತ್ತರಿಯೇ ಶಾರ್ಟ್ ಸರ್ಕ್ಯೂಟ್ ಮಾಡಿಬಿಡುತ್ತದೆ. ಒಂದನ್ನು ಕತ್ತರಿಸಿ, ಟೇಪ್ ಸುತ್ತಿ, ಆಮೇಲೆ ಇನ್ನೊಂದು.

6. ಗಾಳಿ, ಸ್ಪ್ರಿಂಗ್, ರಬ್ಬರ್: ಮೌನವಾಗಿರುವುದನ್ನೇ ನಂಬಬೇಡಿ

ಮೋಟಾರ್ ಸದ್ದು ಮಾಡಿ ಎಚ್ಚರಿಸುತ್ತದೆ. ಎಳೆದಿಟ್ಟ ಸ್ಪ್ರಿಂಗ್, ತುಂಬಿದ ಗಾಳಿ ಟ್ಯಾಂಕ್ ಹಾಗಲ್ಲ. ಸ್ವಿಚ್ ಆಫ್ ಆದಮೇಲೂ ಇವುಗಳೊಳಗೆ ಶಕ್ತಿ ಕುಳಿತೇ ಇರುತ್ತದೆ. ಚೆಂಡು ಎಸೆಯುವ ಯಂತ್ರಕ್ಕೆ ಕೈಯಿಂದ ಸಿಕ್ಕಿಸುವ ಸೇಫ್ಟಿ ಪಿನ್ ಇರಲಿ, ಪಿನ್ನಿಗೆ ಕೆಂಪು ರಿಬ್ಬನ್ ಕಟ್ಟಿ. ಪಿನ್ ತೆಗೆಯುವುದು ಅಂಗಳದೊಳಗೆ ಮಾತ್ರ.

ಗಾಳಿಗೆ ಅದಕ್ಕೆಂದೇ ಮಾಡಿದ ಟ್ಯಾಂಕ್ ಉತ್ತಮ. ರೋಬೋಕಾನ್‌ನ ಹಲವು ವರ್ಷಗಳ ನಿಯಮಗಳು ಸುಸ್ಥಿತಿಯ ಪ್ಲಾಸ್ಟಿಕ್ ಬಾಟಲಿಗೂ ಅವಕಾಶ ಕೊಟ್ಟಿವೆ. ‘ಸುಸ್ಥಿತಿಯ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಗೀರು ಬಿದ್ದ, ಬಿಸಿಲಿಗೆ ಬಿಳಿಚಿದ ಸೋಡಾ ಬಾಟಲಿಗೆ ಆರು ಬಾರ್ ಗಾಳಿ ತುಂಬುವುದು ಶುದ್ಧ ಹುಚ್ಚಾಟ. ಒತ್ತಡ ತೋರಿಸುವ ಗೇಜ್ ರೆಫರಿಗೆ ಕಾಣುವಂತಿರಲಿ, ಗಾಳಿ ಬಿಡಿಸುವ ವಾಲ್ವ್ ಕೈಗೆ ಸಿಗುವಂತಿರಲಿ.

7. ತೂಕದಲ್ಲಿ ಒಂದು ಕಿಲೋ ಉಳಿಸಿಕೊಳ್ಳಿ

ನಿಮ್ಮ ಕಾಲೇಜಿನ ತಕ್ಕಡಿ ತೋರಿಸಿದ್ದನ್ನೇ ಸ್ಪರ್ಧೆಯ ತಕ್ಕಡಿಯೂ ತೋರಿಸಬೇಕೆಂದಿಲ್ಲ. ಇಲ್ಲಿ ಒಟ್ಟು 49.9 ಕೆ.ಜಿ. ಇದ್ದದ್ದು ಅಲ್ಲಿ 50.2 ಆದರೆ, ಹ್ಯಾಕ್ಸಾ ಹಿಡಿದು ಎಲ್ಲಿ ಕೊಯ್ಯುವುದೆಂದು ಹುಡುಕುತ್ತ ಕೂರಬೇಕಾಗುತ್ತದೆ. ಮೊದಲು ಬಲಿಯಾಗುವುದು ರಕ್ಷಣೆಯ ತಗಡು, ಚೈನಿನ ಕವಚ. ಬೆರಳು ಉಳಿಸುವ ಭಾಗವೇ ಕಸದ ಬುಟ್ಟಿ ಸೇರುತ್ತದೆ. ತೂಕದಲ್ಲಿ ಏನೇನು ಸೇರುತ್ತದೆ ಎಂಬುದನ್ನೂ ಓದಿ: ರಿಮೋಟ್, ಕೇಬಲ್, ಬ್ಯಾಟರಿಗಳೂ ಲೆಕ್ಕಕ್ಕೆ ಬರಬಹುದು.

8. ಅಂಗಳಕ್ಕೆ ಬರುವವರ ಮೈಮೇಲೆ ತೂಗಾಡುವುದೇನೂ ಇರದಿರಲಿ

ಹೆಲ್ಮೆಟ್, ಸೇಫ್ಟಿ ಕನ್ನಡಕ, ರಬ್ಬರ್ ಅಡಿಯ ಶೂ: ರೋಬೋಕಾನ್‌ನಲ್ಲಿ ಇವು ಕಡ್ಡಾಯ. ಅಭ್ಯಾಸದ ದಿನವೂ ಹಾಕಿಕೊಳ್ಳಿ, ಏಕೆಂದರೆ ಯಂತ್ರ ಹೆಚ್ಚು ಹೊತ್ತು ತಿರುಗುವುದು ಲ್ಯಾಬಿನಲ್ಲಿ. ಚಪ್ಪಲಿ ಹಾಕಿಕೊಂಡು ಡ್ರಿಲ್ ಹಿಡಿಯಬೇಡಿ. ಉದ್ದ ಕೂದಲು ಕಟ್ಟಿಕೊಳ್ಳಿ. ದುಪಟ್ಟಾ, ಸಡಿಲ ತೋಳು, ಕೈದಾರ, ಉಂಗುರ ಬೇಡ. ಎಲ್ಲರೂ ಮರೆಯುವುದು ಕೊರಳಿಗೆ ನೇತು ಹಾಕಿದ ಐಡಿ ಕಾರ್ಡ್. ಬಗ್ಗಿದಾಗ ಅದು ನೇರ ಚೈನಿಗೆ ಇಳಿಯುತ್ತದೆ. ಜೇಬಿಗೆ ಹಾಕಿ.

9. ಪ್ರಯಾಣವೂ ಸ್ಪರ್ಧೆಯ ಭಾಗ

ಡಿಡಿ ರೋಬೋಕಾನ್ ಇತ್ತೀಚಿನ ವರ್ಷಗಳಲ್ಲಿ ದೆಹಲಿಯಲ್ಲಿ ನಡೆಯುತ್ತಿದೆ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ರಾತ್ರಿಯ ಕುಲುಕಾಟ. ಸಾದಾ ನಟ್‌ಗಳು ದಾರಿಯಲ್ಲೇ ಸಡಿಲಾಗುತ್ತವೆ. ನೈಲಾಕ್ ನಟ್ ಬಳಸಿ, ಇಳಿದ ಮೇಲೆ ಪ್ರತಿಯೊಂದನ್ನೂ ಮತ್ತೆ ಬಿಗಿ ಮಾಡಿ. ಬಿಗಿ ಮಾಡಿದ್ದಕ್ಕೆ ಮಾರ್ಕರ್‌ನಿಂದ ಗೆರೆ ಎಳೆದರೆ, ಸರಿದದ್ದು ಕಣ್ಣಿಗೇ ಕಾಣುತ್ತದೆ.

ವಿಮಾನದಲ್ಲಿ ಹೋಗುವವರು ಬ್ಯಾಟರಿಯ ವೋಲ್ಟ್ ಮತ್ತು ಆಂಪಿಯರ್ ಅವರ್ ಗುಣಿಸಿ ನೋಡಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್‌ಇನ್ ಲಗೇಜಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್ ಅವರ್ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದೂ ಎರಡಕ್ಕೆ ಮಾತ್ರ. 160 ಮೀರಿದರೆ ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ. 22.2 ವೋಲ್ಟ್, 5 ಆಂಪಿಯರ್ ಅವರ್‌ನ ಬ್ಯಾಟರಿ 111 ಆಗುತ್ತದೆ. ಅಂದರೆ ಅನುಮತಿ ಇಲ್ಲದೆ ಹೊರಟರೆ ನಿಮ್ಮ ಸ್ಪರ್ಧೆ ವಿಮಾನ ನಿಲ್ದಾಣದಲ್ಲೇ ಮುಗಿಯುತ್ತದೆ.

ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೇ ಎರಡೆರಡು ಕಟ್ಟಿಕೊಂಡು ಹೋಗಿ. ಮ್ಯಾಚಿನ ಹಿಂದಿನ ರಾತ್ರಿ ಅಪರಿಚಿತ ಊರಿನಲ್ಲಿ ಮೋಟಾರ್ ಡ್ರೈವರ್ ಹುಡುಕುವ ಫಜೀತಿ ಯಾರಿಗೂ ಬೇಡ.

10. ತಪಾಸಣೆಯೇ ಮೊದಲ ಮ್ಯಾಚ್

ತಪಾಸಣೆ ಮಾಡುವವರು ನಿಮ್ಮ ಶತ್ರುಗಳಲ್ಲ. ಅವರ ಮುಂದೆ ಐವರು ಒಟ್ಟಿಗೆ ಮಾತಾಡಬೇಡಿ. ರೂಲ್‌ಬುಕ್‌ನ ಒಡೆಯ ಮಾತಾಡಲಿ. ಅಳತೆ, ತೂಕ, ವೋಲ್ಟ್, ಗಾಳಿಯ ಒತ್ತಡ, ಬಟನ್ ಎಂಬ ಕ್ರಮದಲ್ಲಿ ನೀವೇ ತೋರಿಸುತ್ತ ಹೋಗಿ. ವೈರ್‌ಗಳಿಗೆ ಲೇಬಲ್ ಇದ್ದರೆ, ಚೂಪು ಅಂಚುಗಳಿಗೆ ಫೋಮ್ ಇದ್ದರೆ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಕಾಲೇಜಿನಲ್ಲಿ ಒಮ್ಮೆ ಅಣಕು ತಪಾಸಣೆ ಮಾಡಿಸಿ. ಅದಕ್ಕೆ ನಿಮ್ಮ ಮಾರ್ಗದರ್ಶಕರಿಗಿಂತ ಬೇರೆ ವಿಭಾಗದ ಕಟ್ಟುನಿಟ್ಟಿನ ಮೇಡಂ ಒಬ್ಬರನ್ನು ಕರೆಯುವುದು ವಾಸಿ. ಪಾಸಾದ ಮೇಲೆ ರೋಬೋದಲ್ಲಿ ಏನನ್ನೇ ಬದಲಿಸಿದರೂ ಮರಳಿ ತೋರಿಸಿ.

11. ಸೀಟಿ ಊದಿದರೆ ಕೈ ಮೇಲೆ

ಅಂಗಳದಲ್ಲಿ ರೆಫರಿಯ ಮಾತೇ ಅಂತಿಮ. ಸೀಟಿ ಕೇಳಿದ ಕೂಡಲೇ ಡ್ರೈವರ್ ಜಾಯ್‌ಸ್ಟಿಕ್ ಬಿಟ್ಟು ಕೈ ಎತ್ತುವುದನ್ನು ಅಭ್ಯಾಸದಲ್ಲೇ ರೂಢಿಸಿ. ಬಿದ್ದ ರೋಬೋವನ್ನು ಕಂಡು ಕರುಳು ಚುರ್ ಎನ್ನುವುದು ಸಹಜ, ಆದರೂ ಓಡಿಹೋಗಿ ಎತ್ತಬೇಡಿ. ನೆಲಕ್ಕೆ ಬಿದ್ದ ಕಾಲುಗಳು ಇನ್ನೂ ಸಮತೋಲನ ಹುಡುಕುತ್ತ ಒದೆಯುತ್ತಿರಬಹುದು. ಮೊದಲು ರೆಫರಿಯ ಸನ್ನೆ, ಆಮೇಲೆ ಕೆಂಪು ಬಟನ್, ಕೊನೆಗೆ ಕೈ. ಬಟನ್ ಒತ್ತುವವರು ಯಾರು, ಎತ್ತುವವರು ಯಾರು ಎಂಬುದು ಮ್ಯಾಚಿಗೆ ಮೊದಲೇ ತೀರ್ಮಾನವಾಗಿರಲಿ.

12. ದಂಡದ ಲೆಕ್ಕವನ್ನು ತಂತ್ರದೊಳಗೆ ಸೇರಿಸಿ

2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ 21 ರೋಬೋಗಳು ಹಾಫ್ ಮ್ಯಾರಥಾನ್ ಓಡಲು ನಿಂತವು. ಮನುಷ್ಯರ ಓಟದ ದಾರಿಗೂ ಅವುಗಳ ದಾರಿಗೂ ನಡುವೆ ತಡೆ ಇತ್ತು. ಬ್ಯಾಟರಿ ಬದಲಿಸಲು ಅವಕಾಶವಿತ್ತು. ರೋಬೋವನ್ನೇ ಬದಲಿಸಿದರೆ ಹತ್ತು ನಿಮಿಷದ ದಂಡ. ಗೆದ್ದ ಟಿಯಾಂಗಾಂಗ್ ಅಲ್ಟ್ರಾ ಮೂರು ಸಲ ಬ್ಯಾಟರಿ ಬದಲಿಸಿಕೊಂಡು, ಒಮ್ಮೆ ಬಿದ್ದು ಎದ್ದು, 2 ಗಂಟೆ 40 ನಿಮಿಷ 42 ಸೆಕೆಂಡಿನಲ್ಲಿ ಗುರಿ ಮುಟ್ಟಿತು. ಮೊದಲ ಸ್ಥಾನ ಸಿಕ್ಕಿದ್ದು ಬೀಳದೆ ಓಡಿದ ಯಂತ್ರಕ್ಕಲ್ಲ, ಬಿದ್ದಾಗ ಏನು ಮಾಡಬೇಕೆಂದು ಗೊತ್ತಿದ್ದ ತಂಡಕ್ಕೆ.

ನೀವೂ ಹಾಗೆಯೇ ಲೆಕ್ಕ ಹಾಕಿ. ಮರುಯತ್ನ ಕೇಳಿದರೆ ಎಷ್ಟು ಸೆಕೆಂಡು ಹೋಗುತ್ತದೆ? ಗೆರೆ ದಾಟಿದರೆ ಎಷ್ಟು ಅಂಕ ಖೋತಾ? ಯಾವ ತಪ್ಪಿಗೆ ನೇರ ಅನರ್ಹತೆ? ಹದಗೆಟ್ಟ ರೋಬೋವನ್ನು ಹೇಗಾದರೂ ಓಡಿಸುತ್ತೇವೆಂದು ಹಟ ಹಿಡಿದು ಅನರ್ಹರಾಗುವುದಕ್ಕಿಂತ, ನಿಲ್ಲಿಸಿ, ಸರಿಮಾಡಿ, ಮರುಯತ್ನಕ್ಕೆ ಕೈ ಎತ್ತುವುದು ಅಗ್ಗ. ನಿಲ್ಲಿಸುವುದು ಯಾವಾಗ ಎಂಬ ತೀರ್ಮಾನವನ್ನು ಮ್ಯಾಚಿನ ಕಾವಿನಲ್ಲಿ ಮಾಡಬೇಡಿ. ಹಿಂದಿನ ದಿನವೇ ಕಾಗದದ ಮೇಲೆ ಬರೆದು, ತಂಡದವರೆಲ್ಲರೂ ಒಪ್ಪಿ, ಆಮೇಲೆ ಅಂಗಳಕ್ಕಿಳಿಯಿರಿ.