ಕುಡಿದು ವಾಹನ ನಡೆಸಿದ ಆಪಾದನೆ: ಚಾಲಕನ ರಕ್ಷಣೆ ಎಲ್ಲಿದೆ?



ಅಡಿಕೆ ಕೊಯಿಲು, ಕಾಫಿ ಕೊಯಿಲು ಒಂದರ ಹಿಂದೊಂದು ಬರುವ ತಿಂಗಳುಗಳಲ್ಲಿ ನಮ್ಮ ಜೀಪು, ಪಿಕಪ್ಪು, ಟ್ರ್ಯಾಕ್ಟರುಗಳಿಗೆ ಬಿಡುವಿಲ್ಲ. ಈ ದಿನಗಳಲ್ಲೇ ಸಂಘದ ಕಚೇರಿಗೆ ಬೆಳಗಿನ ಹೊತ್ತು ಒಂದೇ ಬಗೆಯ ದೂರವಾಣಿ ಕರೆ ಬರುತ್ತದೆ: "ಡ್ರೈವರನ್ನು ಹಿಡಿದಿದ್ದಾರೆ, ಯಾರಿಗಾದರೂ ಒಂದು ಮಾತು ಹೇಳಿ." ಒಂದು ಮಾತು ಹೇಳುವುದು ರಕ್ಷಣೆಯಲ್ಲ. ಕಾನೂನೇ ಚಾಲಕನಿಗೆ ಕೆಲವು ರಕ್ಷಣೆಗಳನ್ನು ಕೊಟ್ಟಿದೆ. ಅವನ್ನು ತಿಳಿದವರು ಕಡಿಮೆ. ಆದ್ದರಿಂದ ಈ ಸಂಚಿಕೆಯಲ್ಲಿ ಈ ಪಾಠ.

ನಮ್ಮದೇ ತಪ್ಪಿನಿಂದ ಆರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಒಂದು ಸುತ್ತು ಹಣ್ಣು ಕೊಯಿಲು ಮುಗಿದ ಸಂಜೆ ಆಳುಗಳಿಗೆ "ಖುಷಿ"ಗೆಂದು ಹಣ ಕೊಟ್ಟೆವು. ಮಾರನೆಯ ಬೆಳಿಗ್ಗೆ 6 ಗಂಟೆಗೆ ಜೀಪು ಕಳಿಸಿದವರೂ ನಾವೇ. ದಾರಿಯಲ್ಲಿ ತಪಾಸಣೆ. ಚಾಲಕ ಫೋನು ಮಾಡಿದಾಗ, "ಊದಬೇಡ, ನಾವು ಬರುತ್ತೇವೆ" ಎಂದುಬಿಟ್ಟೆವು. ಅವನು ಊದಲಿಲ್ಲ. ದಸ್ತಗಿರಿಯಾಯಿತು, ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಮದ್ಯಸಾರ ಮಿತಿಗಿಂತ ಮೇಲಿತ್ತು. ದಂಡ ನಾವು ಕಟ್ಟಿದೆವು. ಆದರೆ ಲೈಸೆನ್ಸು ಹೋದದ್ದು ಅವನದು. ಆರು ತಿಂಗಳು ಸ್ಟಿಯರಿಂಗ್ ಬಿಟ್ಟು ಕಣದಲ್ಲಿ ಕಾಫಿ ಕೆದಕಿದ. "ರಾತ್ರಿ ಕುಡಿದದ್ದು ಬೆಳಿಗ್ಗೆಗೂ ಇರುತ್ತದಾ ಅಯ್ಯಾ?" ಎಂದು ಅವನು ಕೇಳಿದ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ಇದಕ್ಕೆ ಸಂಬಂಧಿಸಿದ್ದು 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಂ. ಮೊದಲು ಈ ಕಲಮಿನಲ್ಲಿ ರಕ್ತದಲ್ಲಿ ಮದ್ಯಸಾರ ಎಷ್ಟು ಅಲ್ಪವಿದ್ದರೂ ಅಪರಾಧವಾಗಿತ್ತು. 1994ರ ತಿದ್ದುಪಡಿ ಒಂದು ಮಿತಿ ಹಾಕಿತು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಅದನ್ನು ಮೀರಿದರೆ ಅಪರಾಧ. ಚಾಲಕ ನೆಟ್ಟಗೆ ನಿಂತಿದ್ದನೇ, ಗಾಡಿಯನ್ನು ಚೆನ್ನಾಗಿ ಬಿಡುತ್ತಿದ್ದನೇ ಎಂಬ ಪ್ರಶ್ನೆ ಆಗ ಏಳುವುದಿಲ್ಲ. 2019ರ ತಿದ್ದುಪಡಿಯಿಂದ, ಉಸಿರಿನ ಪರೀಕ್ಷೆಯಲ್ಲದೆ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡದ್ದೂ ಸಾಕು.

ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸಜೆ, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ಇದರ ಜೊತೆಗೆ 20ನೆಯ ಕಲಮಿನ ಪ್ರಕಾರ ನ್ಯಾಯಾಲಯ ಕನಿಷ್ಠ 6 ತಿಂಗಳು ಲೈಸೆನ್ಸಿನಿಂದ ಅನರ್ಹಗೊಳಿಸಬೇಕು. ಚಾಲಕನಿಗೆ ನಿಜವಾದ ಪೆಟ್ಟು ಇದೇ. "ಒಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು" ಎನ್ನುವವರು ಇದನ್ನು ಮರೆಯುತ್ತಾರೆ.

ಇನ್ನೊಂದು ವಿಷಯ. ಇದು ರಸ್ತೆಯಲ್ಲೇ ರಾಜಿ ದಂಡ ಕಟ್ಟಿ ಮುಗಿಸಬಹುದಾದ ಅಪರಾಧವಲ್ಲ. ನ್ಯಾಯಾಲಯಕ್ಕೆ ಹೋಗಲೇಬೇಕು. ಆದ್ದರಿಂದ ರಸ್ತೆ ಬದಿಯಲ್ಲಿ ಯಾರ ಕೈಗೂ ಹಣ ಕೊಡಬಾರದು.

ಊದಲೇಬೇಕೇ?

203ನೆಯ ಕಲಮಿನ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಸಕಾರಣವಾದ ಅನುಮಾನ ಬಂದರೆ ಸಾರ್ವಜನಿಕ ಸ್ಥಳದಲ್ಲಿ ಉಸಿರಿನ ಪರೀಕ್ಷೆ ಕೇಳಬಹುದು. ನಿರಾಕರಿಸಿದವನನ್ನು, ಅನುಮಾನಕ್ಕೆ ಕಾರಣವಿದ್ದರೆ, ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು. ಆಮೇಲೆ 205ನೆಯ ಕಲಂ ಬರುತ್ತದೆ: ತಕ್ಕ ಕಾರಣವಿಲ್ಲದೆ ನಿರಾಕರಿಸಿದ್ದನ್ನು ಆಪಾದನೆಗೆ ಬಲ ಕೊಡುವ ಸಂಗತಿಯೆಂದು ನ್ಯಾಯಾಲಯ ಭಾವಿಸಬಹುದು. ನಾವು ಹೇಳಿದ "ಊದಬೇಡ" ಎಂಬ ಮಾತು ಚಾಲಕನನ್ನು ಉಳಿಸಲಿಲ್ಲ, ಅವನ ವಿರುದ್ಧ ಇನ್ನೊಂದು ಸಾಕ್ಷಿಯನ್ನು ಸೇರಿಸಿತು.

ಕುಡಿಯದವನಿಗಂತೂ ಊದುವುದೇ ಅತ್ಯುತ್ತಮ ರಕ್ಷಣೆ. 1971ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಾಯಿ ವಾಸನೆ, ತೂರಾಡುವ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣಿನ ಪಾಪೆ ಇವಿಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದಿತು. ಅಲ್ಲಿ ರಕ್ತ ಪರೀಕ್ಷೆ ನಡೆದಿರಲಿಲ್ಲ. ಆದರೆ ಈ ತೀರ್ಪನ್ನು ನೆಚ್ಚಿ ಪರೀಕ್ಷೆ ತಪ್ಪಿಸಿಕೊಳ್ಳುವುದು ಜಾಣತನವಲ್ಲ. 2021ರಲ್ಲಿ ವಾಹನ ವಿಮೆಯ ಒಂದು ವ್ಯಾಜ್ಯದಲ್ಲಿ ಅದೇ ನ್ಯಾಯಾಲಯ, ಪರೀಕ್ಷೆ ನಡೆಯದಿದ್ದರೂ ಸುತ್ತಲ ಸಂಗತಿಗಳಿಂದ ವಿಮಾ ಕಂಪೆನಿ ಅಮಲನ್ನು ರುಜುವಾತುಪಡಿಸಬಹುದು ಎಂದು ಹೇಳಿದೆ.

ಯಂತ್ರವೂ ಒಂದು ತಕ್ಕಡಿಯೇ

ಊದುವ ಯಂತ್ರ ರಕ್ತವನ್ನು ನೋಡುವುದಿಲ್ಲ. ಉಸಿರಿನಲ್ಲಿರುವ ಮದ್ಯಸಾರವನ್ನು ಅಳೆದು, ಸಾಮಾನ್ಯವಾಗಿ 2,100 ಪಾಲು ಉಸಿರಿನಲ್ಲಿರುವಷ್ಟು 1 ಪಾಲು ರಕ್ತದಲ್ಲಿದೆ ಎಂಬ ಲೆಕ್ಕದಿಂದ ಅಂಕಿ ಕೊಡುತ್ತದೆ. ನಮ್ಮ ಗೋದಾಮಿನ ತೇವಾಂಶ ಮಾಪಕದ ಹಾಗೆ ಇದನ್ನೂ ಆಗಾಗ ತಾಳೆ ನೋಡಿ ಸರಿಪಡಿಸುತ್ತಿರಬೇಕು. ಮಾಪಕ ಒಂದು ಅಂಕಿ ತಪ್ಪಿದರೆ ಬೆಲೆಗಾಗಿ ಜಗಳಕ್ಕೆ ನಿಲ್ಲುವ ನಾವು, ಚಾಲಕನ ಲೈಸೆನ್ಸಿನ ವಿಷಯದಲ್ಲಿ ಸುಮ್ಮನಿರುವುದು ಸರಿಯಲ್ಲ. ಯಂತ್ರವನ್ನು ಕೊನೆಯ ಬಾರಿ ತಾಳೆ ನೋಡಿದ ದಾಖಲೆಯನ್ನು ವಕೀಲರು ನ್ಯಾಯಾಲಯದಲ್ಲಿ ಕೇಳಬಹುದು.

ಬಾಯಿಯಲ್ಲೇ ಉಳಿದ ಮದ್ಯಸಾರ ಯಂತ್ರವನ್ನು ದಾರಿ ತಪ್ಪಿಸಬಲ್ಲದು. ದಶಮೂಲಾರಿಷ್ಟದಂಥ ಅರಿಷ್ಟಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರವಿರುತ್ತದೆ. ಕೆಲವು ಬಾಯಿ ಮುಕ್ಕಳಿಸುವ ಔಷಧಿಗಳಲ್ಲೂ ಇರುತ್ತದೆ. ಇವುಗಳ ಪ್ರಭಾವ 15-20 ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಅಂಥದ್ದನ್ನು ಆಗಷ್ಟೇ ತೆಗೆದುಕೊಂಡಿದ್ದರೆ ಅಲ್ಲೇ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಲು ವಿನಯದಿಂದ ಕೇಳಬೇಕು. ನ್ಯಾಯಾಲಯದಲ್ಲಿ ಮೊದಲ ಸಲ ಅರಿಷ್ಟದ ಮಾತೆತ್ತಿದರೆ ಯಾರೂ ನಂಬುವುದಿಲ್ಲ.

ರಕ್ತ ಪರೀಕ್ಷೆಗೂ ಕ್ರಮವಿದೆ. ತೆಗೆಯುವವರು ನೋಂದಾಯಿತ ವೈದ್ಯರಾಗಿರಬೇಕು. ಆಪಾದಿತೆ ಹೆಂಗಸಾಗಿದ್ದು ವೈದ್ಯರು ಗಂಡಸಾದರೆ, ಇನ್ನೊಬ್ಬ ಹೆಂಗಸಿನ ಎದುರೇ ತೆಗೆಯಬೇಕು. ಚುಚ್ಚುವ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಬಾರದು. ರಕ್ತವನ್ನು ಕೆಡದಂತೆ ಸೋಡಿಯಂ ಫ್ಲೋರೈಡ್ ಹಾಕಿದ ಶೀಷೆಯಲ್ಲಿ ಮುದ್ರೆ ಮಾಡಿ ಇಡಬೇಕು. ಪಲ್ಪ್ ಮಾಡಿದ ಕಾಫಿಯನ್ನು ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಏನಾಗುತ್ತದೆಂದು ನಮಗೆ ಗೊತ್ತು. ಕೆಟ್ಟ ರಕ್ತದಲ್ಲೂ ಹುದುಗು ಎದ್ದು ಮದ್ಯಸಾರ ಹುಟ್ಟಬಹುದು.

ಎರಡು ಗಂಟೆಯ ನಿಯಮ

202ನೆಯ ಕಲಂ ಎಲ್ಲ ಚಾಲಕರಿಗೂ ತಿಳಿದಿರಬೇಕು. 185ರಡಿ ದಸ್ತಗಿರಿಯಾದವನನ್ನು 2 ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆಗೆ ಒಳಪಡಿಸಬೇಕು. ಇಲ್ಲವಾದರೆ ಬಂಧನದಿಂದ ಬಿಡಬೇಕು. ಬಿಟ್ಟಮಾತ್ರಕ್ಕೆ ಮೊಕದ್ದಮೆ ಬಿದ್ದುಹೋಗುವುದಿಲ್ಲ. ಆದರೆ ತಡವಾದ ಪರೀಕ್ಷೆಯನ್ನು ಪ್ರಶ್ನಿಸಲು ದಾರಿಯಾಗುತ್ತದೆ. ಇದಕ್ಕಾಗಿ ಹಿಡಿದ ಗಂಟೆ, ಊದಿದ ಗಂಟೆ, ರಕ್ತ ತೆಗೆದ ಗಂಟೆ ಮೂರನ್ನೂ ಬರೆದಿಟ್ಟುಕೊಳ್ಳಬೇಕು.

ಅಪರಾಧ ಜಾಮೀನಿಗೆ ಅರ್ಹವಾದದ್ದು. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಉಚಿತ ವಕೀಲರ ನೆರವುಂಟು. ಪರಿಶಿಷ್ಟ ಜಾತಿ, ಪಂಗಡದವರಿಗೂ ಹೆಂಗಸರಿಗೂ ಆದಾಯ ನೋಡದೆ ಈ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಬಹುದು. ವಕೀಲರೊಡನೆ ಮಾತಾಡದೆ ತಪ್ಪೊಪ್ಪಿಕೊಳ್ಳುವುದು ಬೇಡ.

ರಾತ್ರಿಯ ಲೆಕ್ಕ, ಬೆಳಗಿನ ಬಾಕಿ

ಇನ್ನು ನಮ್ಮ ಚಾಲಕನ ಪ್ರಶ್ನೆಗೆ ಉತ್ತರ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಶೇಕಡ 42.8 ಮದ್ಯಸಾರ. ತೂಕದಲ್ಲಿ ಸುಮಾರು 60 ಗ್ರಾಂ. 60 ಕಿಲೋ ತೂಕದ ಗಂಡಾಳಿನ ರಕ್ತದಲ್ಲಿ ಇದು 100 ಮಿಲಿಲೀಟರಿಗೆ ಸುಮಾರು 150 ಮಿಲಿಗ್ರಾಂ ಆಗುತ್ತದೆ. ದೇಹ ಅದನ್ನು ಇಳಿಸುವುದು ಗಂಟೆಗೆ ಸುಮಾರು 15 ಮಿಲಿಗ್ರಾಂ. ರಾತ್ರಿ 11ಕ್ಕೆ ಕುಡಿದವನಲ್ಲಿ ಬೆಳಿಗ್ಗೆ 6ಕ್ಕೆ 45 ಉಳಿದಿರುತ್ತದೆ. ಮಿತಿ 30! ಊಟ, ಮೈಕಟ್ಟುಗಳಿಂದ ಲೆಕ್ಕ ಸ್ವಲ್ಪ ಹಿಂದುಮುಂದಾಗಬಹುದು. ಆದರೆ ಮಜ್ಜಿಗೆ, ನಿಂಬೆಹಣ್ಣು, ಕಡುಗಾಫಿ, ತಣ್ಣೀರ ಸ್ನಾನ ಯಾವುದೂ ಈ ಇಳಿಕೆಯನ್ನು ಬೇಗ ಮಾಡಲಾರದು. ಗಂಟೆಗಳು ಕಳೆಯಬೇಕು, ಅಷ್ಟೇ.

ಮಾಲೀಕರ ಪಾಲು

188ನೆಯ ಕಲಂ ಓದಿದಾಗ ನಮಗೆ ಮೈ ಬೆವರಿತು. ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. ಕುಡಿದಿದ್ದಾನೆಂದು ತಿಳಿದೂ ಬೀಗದ ಕೈ ಕೊಟ್ಟು ಕಳಿಸಿದವರು ಆ ಪ್ರಶ್ನೆಗೆ ಉತ್ತರಿಸಬೇಕಾಗಬಹುದು. ಅಪಘಾತವಾದರೆ ವಿಮಾ ಕಂಪೆನಿ ನಮ್ಮ ವಾಹನದ ನಷ್ಟ ಕೊಡಲು ನಿರಾಕರಿಸಬಹುದು. ಗಾಯಗೊಂಡವರಿಗೆ ಕೊಟ್ಟ ಪರಿಹಾರವನ್ನೂ ಮಾಲೀಕರಿಂದ ವಸೂಲು ಮಾಡಲು ಹೊರಡಬಹುದು. ಹಿಂದೆ ಕುಳಿತಿರುವವರು ನಮ್ಮ ತೋಟದ ಹತ್ತು ಹದಿನೈದು ಆಳುಗಳು, ಮುಂದಿರುವುದು ಘಟ್ಟದ ತಿರುವು ಎಂಬುದನ್ನು ನೆನೆದರೆ, ದಂಡದ ಮಾತು ಬಹಳ ಚಿಕ್ಕದು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ:

1. ಕೊಯಿಲಿನ ಖುಷಿಯನ್ನು ಹಣವಾಗಿ ಅಲ್ಲ, ಊಟವಾಗಿ ಅಥವಾ ಬಟ್ಟೆಯಾಗಿ ಕೊಡಿ.
2. ಚಾಲಕ ಹಿಂದಿನ ರಾತ್ರಿ ಕುಡಿದಿದ್ದರೆ ಬೆಳಿಗ್ಗೆ ಹೇಳುವಷ್ಟು ಸಲುಗೆ ಇರಲಿ. ಹೇಳಿದವನ ಸಂಬಳ ಹಿಡಿಯಬೇಡಿ. ಹಿಡಿದರೆ ಮುಂದಿನ ಸಲ ಅವನು ಹೇಳುವುದಿಲ್ಲ.
3. ತಪಾಸಣೆಯಲ್ಲಿ ಊದಲಿ. ಯಂತ್ರದ ಚೀಟಿಯ ಪ್ರತಿ ಕೇಳಲಿ. ಗಂಟೆಗಳನ್ನು ಬರೆದಿಡಲಿ. ಓದದೆ ಯಾವ ಕಾಗದಕ್ಕೂ ರುಜು ಹಾಕದಿರಲಿ.
4. ಪ್ರಭಾವಿಗಳಿಗೆ ಫೋನು ಮಾಡುವ ಮೊದಲು ವಕೀಲರಿಗೆ ಮಾಡಿ.

ಕುಡಿಯದವನ ಮೇಲೆ ಆಪಾದನೆ ಬಂದರೆ ಕೊನೆಯವರೆಗೆ ಅವನ ಜೊತೆ ನಿಲ್ಲೋಣ. ಕುಡಿದವನಿಗೂ ಕಾನೂನು ಕೊಟ್ಟ ಕ್ರಮ ಸಿಗುವಂತೆ ನೋಡಿಕೊಳ್ಳೋಣ. ಅವನನ್ನು ಬೆಳಿಗ್ಗೆ ರಸ್ತೆಗೆ ಕಳಿಸದಿರುವುದು ಮಾತ್ರ ಯಾವ ವಕೀಲರಿಂದಲೂ ಆಗದ ಕೆಲಸ. ಅದು ಬೀಗದ ಕೈ ಇಟ್ಟುಕೊಂಡಿರುವ ನಮ್ಮದೇ.