ಸ್ಥಳೀಯ ಸಂಸ್ಥೆಗಳ ಜಂಟಿ ಸೇವೆ ಮತ್ತು ವೆಚ್ಚ ಹಂಚಿಕೆ

ಪುರಸಭೆಯ ಗಡಿಗೆ ಊರಿನ ವ್ಯವಹಾರ ನಿಲ್ಲುವುದಿಲ್ಲ. ಒಂದೇ ಉದ್ಯಮದ ಗೋದಾಮು ಪಟ್ಟಣದಲ್ಲಿಯೂ ಕಾರ್ಖಾನೆ ಪಕ್ಕದ ಗ್ರಾಮ ಪಂಚಾಯಿತಿಯಲ್ಲಿಯೂ ಇರುವುದು ಸಾಮಾನ್ಯ. ನೀರು, ರಸ್ತೆ, ಕಸ ವಿಲೇವಾರಿಗಳು ಎರಡೂ ಕಡೆಗೆ ಸಂಬಂಧಿಸಿದವು. ಆದುದರಿಂದ ನೆರೆಯ ಸ್ಥಳೀಯ ಸಂಸ್ಥೆಗಳು ಕೂಡಿ ಯೋಜಿಸುವುದು ಅನಿವಾರ್ಯವಾಗಿದೆ.

ಸಂವಿಧಾನದ ಚೌಕಟ್ಟು

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಇದಕ್ಕೆ ಆಧಾರ ಒದಗಿಸಿದೆ. 243 ಝಡ್‌ಡಿ ಅನುಚ್ಛೇದದಂತೆ ಜಿಲ್ಲಾ ಯೋಜನಾ ಸಮಿತಿಯು ಪಂಚಾಯಿತಿ ಹಾಗೂ ನಗರಸಂಸ್ಥೆಗಳ ಯೋಜನೆಗಳನ್ನು ಕ್ರೋಡೀಕರಿಸಬೇಕು. ನೀರಿನ ಹಂಚಿಕೆ, ಮೂಲಸೌಕರ್ಯ ಮೊದಲಾದ ಸಮಾನ ಹಿತಾಸಕ್ತಿಯ ವಿಷಯಗಳನ್ನು ಗಮನಿಸಬೇಕು. 10 ಲಕ್ಷ ಅಥವಾ ಹೆಚ್ಚಿನ ಜನಸಂಖ್ಯೆಯ ಮಹಾನಗರ ಪ್ರದೇಶಗಳಿಗೆ 243 ಝಡ್‌ಇ ಅನ್ವಯ ಪ್ರತ್ಯೇಕ ಸಮಿತಿಯಿದೆ.

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದವು. ಅವುಗಳ ಸಮನ್ವಯವು ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಸೇರಿದೆ.

ಸಮಿತಿ, ಪ್ರಾಧಿಕಾರಗಳಿದ್ದರೂ ಹಣದ ಲೆಕ್ಕ ಸ್ಪಷ್ಟವಿಲ್ಲದಿದ್ದರೆ ಸಹಕಾರ ಬಾಳಲಾರದು.

ಒಂದು ಕಾಲ್ಪನಿಕ ಉದಾಹರಣೆ

ಒಂದು ಪುರಸಭೆ ಹಾಗೂ ‘ಅ’, ‘ಆ’ ಎಂಬ ಎರಡು ಗ್ರಾಮ ಪಂಚಾಯಿತಿಗಳು ಸೇರಿ ದಿನಕ್ಕೆ 30 ಟನ್ ಸಾಮರ್ಥ್ಯದ ಕಸ ಸಂಸ್ಕರಣಾ ಘಟಕ ನಡೆಸುತ್ತವೆಂದು ಭಾವಿಸೋಣ. ಕಾದಿರಿಸಿದ ಸಾಮರ್ಥ್ಯ ಕ್ರಮವಾಗಿ 20, 6 ಮತ್ತು 4 ಟನ್. ಸಾಲದ ಬಡ್ಡಿ, ಸವಕಳಿ, ವಿಮೆ, ಕಾಯಂ ಸಿಬ್ಬಂದಿಯ ವೇತನ ಸೇರಿ ವಾರ್ಷಿಕ ಸ್ಥಿರ ವೆಚ್ಚ 36 ಲಕ್ಷ ರೂ. ಸಂಸ್ಕರಣೆಯ ಚರ ವೆಚ್ಚ ಟನ್ನಿಗೆ 300 ರೂ.

ಸ್ಥಿರ ವೆಚ್ಚವನ್ನು ಸಾಮರ್ಥ್ಯದ ಪ್ರಮಾಣದಲ್ಲಿ ಹಂಚಿದರೆ ಪುರಸಭೆಗೆ 24 ಲಕ್ಷ, ‘ಅ’ಗೆ 7.2 ಲಕ್ಷ, ‘ಆ’ಗೆ 4.8 ಲಕ್ಷ ರೂ. ವರ್ಷದಲ್ಲಿ ಅವು ಕ್ರಮವಾಗಿ 6,000, 1,200 ಮತ್ತು 800 ಟನ್ ಕಸ ಕಳುಹಿಸಿದರೆ ಚರ ವೆಚ್ಚ 18 ಲಕ್ಷ, 3.6 ಲಕ್ಷ ಮತ್ತು 2.4 ಲಕ್ಷ ರೂ. ಒಟ್ಟು ಹೊಣೆ 42 ಲಕ್ಷ, 10.8 ಲಕ್ಷ ಮತ್ತು 7.2 ಲಕ್ಷ ರೂ.

ಎಲ್ಲ ವೆಚ್ಚವನ್ನೂ ತೂಕದ ಮೇಲೆಯೇ ಹಂಚಿದರೆ ಏನಾಗುತ್ತದೆ? ‘ಆ’ ಪಂಚಾಯಿತಿ ಕಸ ಕಳುಹಿಸುವುದನ್ನು ನಿಲ್ಲಿಸಿದ ದಿನದಿಂದ ಅದರ ಹೊಣೆ ಶೂನ್ಯ. ಆದರೆ ಬಡ್ಡಿ, ವೇತನಗಳು ನಿಲ್ಲುವುದಿಲ್ಲ. ಆ ಭಾರ ಉಳಿದಿಬ್ಬರ ಮೇಲೆ, ಕಡೆಗೆ ಅವರ ತೆರಿಗೆದಾರರ ಮೇಲೆ ಬೀಳುತ್ತದೆ. ಕಾದಿರಿಸಿದ ಸಾಮರ್ಥ್ಯಕ್ಕೆ ಪಾವತಿ ಕಡ್ಡಾಯವಾಗಿದ್ದರೆ ಈ ಅನ್ಯಾಯ ತಪ್ಪುತ್ತದೆ.

ಒಪ್ಪಂದದಲ್ಲಿ ಇರಬೇಕಾದವು

1. ಸ್ಥಿರ ಮತ್ತು ಚರ ವೆಚ್ಚಗಳ ಸ್ಪಷ್ಟ ವ್ಯಾಖ್ಯೆ.
2. ಪ್ರತ್ಯೇಕ ಬ್ಯಾಂಕ್ ಖಾತೆ ಮತ್ತು ವಾರ್ಷಿಕ ಲೆಕ್ಕಪರಿಶೋಧನೆ.
3. ವೇಬ್ರಿಡ್ಜ್ ದಾಖಲೆಯನ್ನು ಎಲ್ಲ ಪಾಲುದಾರರೂ ಪರಿಶೀಲಿಸುವ ಹಕ್ಕು.
4. ಹೊರಹೋಗುವ ಸಂಸ್ಥೆಯು ನೀಡಬೇಕಾದ ಪೂರ್ವಸೂಚನೆ ಹಾಗೂ ಉಳಿದ ಸಾಲದಲ್ಲಿ ಅದರ ಪಾಲು.

ಆಸ್ತಿ ತೆರಿಗೆ, ಪರವಾನಗಿ ಶುಲ್ಕ ಪಾವತಿಸುವ ವರ್ತಕರು ಆಯವ್ಯಯ ಮಂಡನೆಗೆ ಮುನ್ನವೇ ಇಂತಹ ಒಪ್ಪಂದದ ಪ್ರತಿಯನ್ನು ಕೇಳಿ ಪಡೆಯುವುದು ಒಳಿತು. ಹಂಚಿಕೆಯ ಸೂತ್ರ ಮೊದಲೇ ಬರಹದಲ್ಲಿದ್ದರೆ ನೆರೆಹೊರೆಯ ಸಂಸ್ಥೆಗಳ ಸ್ನೇಹವೂ ಉಳಿಯುತ್ತದೆ, ಸೇವೆಯೂ ನಡೆಯುತ್ತದೆ.