ಹದಿಹರೆಯದ ತೂಕ ಮತ್ತು ಮಿತಾಹಾರ



ದಪ್ಪಗಿದ್ದೀರೆಂದು ಯಾರೋ ಗೇಲಿ ಮಾಡಿದರೆ ಬೆಳಗಿನ ತಿಂಡಿ ಬಿಡಬೇಡಿ. ಎಲುಬು, ಸ್ನಾಯು ಬೆಳೆಯುವ ವಯಸ್ಸಿದು. ಹೊಟ್ಟೆಗೆ ಕಡಿಮೆಯಾದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆಂದು ಪ್ರವಾದಿವರ್ಯರು(ಸ) ಮಿತಿಯನ್ನು ಕಲಿಸಿದ್ದಾರೆ. ಕರಿದ ತಿಂಡಿ, ಸಿಹಿ ಪಾನೀಯ ಕಡಿಮೆ ಮಾಡಿರಿ. ಅನ್ನ ತುಸು ತಗ್ಗಿಸಿ ಕಾಳು, ಸೊಪ್ಪು, ಮೀನು ಹೆಚ್ಚಿಸಿರಿ.

17 ವರ್ಷದವರೆಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಗೆ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಏರುದಾರಿಗಳಲ್ಲಿ ಬಿರುಸಾಗಿ ನಡೆಯಿರಿ, ಸೈಕಲ್ ತುಳಿಯಿರಿ. ಮೊದಲು ಹತ್ತೇ ನಿಮಿಷ ಸಾಕು. ತುಂಗಭದ್ರೆಯನ್ನು ಸೇರುವ ವರದೆಯೂ ವರದಮೂಲದಲ್ಲಿ ಸಣ್ಣ ಧಾರೆಯಾಗಿಯೇ ಹೊರಡುತ್ತಾಳೆ.

ಹೆತ್ತವರೇ, ಮಕ್ಕಳನ್ನು ಹಂಗಿಸಬೇಡಿ. ಅವರ ಜೊತೆ ನಡೆಯಿರಿ.